ವಶೀಲಿ ಬೇರೆ, ಪರಿಚಯ ಬೇರೆ

ಉದ್ಯೋಗ ಅಂಕಣ: ಓದುಗರ ಪ್ರಶ್ನೆ, ತಿಳಿದವರ ಉತ್ತರ

ಕೆಲಸ ಹುಡುಕುವ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯವು. ಆರಿಸಿದ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: 2024ರಲ್ಲಿ ಬಿ.ಕಾಂ. ಮುಗಿಸಿದೆ. ಟ್ಯಾಲಿ ಬರುತ್ತದೆ. ನೌಕ್ರಿ, ಇಂಡೀಡ್ ಎಲ್ಲ ಸೇರಿ ಇನ್ನೂರರ ಹತ್ತಿರ ಅರ್ಜಿ ಹಾಕಿದ್ದೇನೆ. ಬಂದದ್ದು ಮೂರು ಫೋನು, ಅದರಲ್ಲಿ ಎರಡು ವಿಮೆ ಪಾಲಿಸಿ ಮಾರುವ ಕಮಿಷನ್ ಕೆಲಸ. ಮನೆಯಲ್ಲಿ ಎಲ್ಲರೂ ಅಡಿಕೆ ತೋಟ ನೋಡಿಕೊಂಡವರು. ವಶೀಲಿ ಮಾಡುವವರು ಯಾರೂ ಇಲ್ಲ. ನನ್ನಂಥವರು ಏನು ಮಾಡಬೇಕು?
ಓದುಗ, ಸಾಗರ

ಉತ್ತರ: ವಶೀಲಿಯನ್ನೂ ಪರಿಚಯವನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೀರಿ. ವಶೀಲಿ ಎಂದರೆ ಮೇಲಿನವರು ಕೆಳಗಿನವರ ಮೇಲೆ ಭಾರ ಹಾಕುವುದು. ಅದಕ್ಕೆ ದೊಡ್ಡ ಮನುಷ್ಯರು ಬೇಕು. ಪರಿಚಯದ ಕೆಲಸಕ್ಕೆ ಒಬ್ಬ ಗುಮಾಸ್ತ ಸಾಕು. ತನ್ನ ಆಫೀಸಿನಲ್ಲಿ ಮುಂದಿನ ತಿಂಗಳು ಯಾರು ಬಿಡುತ್ತಾರೆ, ಅವರ ಜಾಗಕ್ಕೆ ಸಾಹೇಬರು ಎಂಥವರನ್ನು ಹುಡುಕುತ್ತಿದ್ದಾರೆ ಎಂಬುದು ಅವನಿಗೆ ಗೊತ್ತಿರುತ್ತದೆ. ಆಡಿಟರ್ ಆಫೀಸು, ಮಂಡಿ, ಟ್ರ್ಯಾಕ್ಟರ್ ಶೋರೂಮು, ಸಹಕಾರ ಸಂಘ ಇಂಥ ಕಡೆ ಒಂದು ಕುರ್ಚಿ ಖಾಲಿಯಾದರೆ ಯಾರೂ ಪೋರ್ಟಲ್‌ನಲ್ಲಿ ಹಾಕುವುದಿಲ್ಲ. ಇದ್ದವರನ್ನೇ 'ಯಾರಾದ್ರೂ ಇದ್ದಾರೇನ್ರಿ' ಎಂದು ಕೇಳುತ್ತಾರೆ, ಅಲ್ಲಿಗೆ ಮುಗಿಯಿತು.

ನಿಮ್ಮ ಆಪ್ತರಿಂದ ಉಪಯೋಗವಾಗದ್ದಕ್ಕೂ ಕಾರಣವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಪರಿಚಯದಿಂದ ಕೆಲಸ ಹಿಡಿದವರನ್ನು ಒಂದು ಪ್ರಶ್ನೆ ಕೇಳಿದರು: ಸುದ್ದಿ ಕೊಟ್ಟವರು ನಿಮಗೆ ಆಗ ಎಷ್ಟು ಸಲ ಸಿಗುತ್ತಿದ್ದರು? 1973ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಆಗಾಗ ಸಿಗುವವರಿಂದ ಕೆಲಸ ಪಡೆದವರು ನೂರಕ್ಕೆ 17 ಮಂದಿ ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುವವರಿಂದ ಪಡೆದವರು 56. ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಕಾಣುವವರಿಂದ ಪಡೆದವರು 28. ದಿನಾ ಒಟ್ಟಿಗೆ ಕವಳ ಹಾಕುವವರಿಗೆ ನಿಮಗೆ ಗೊತ್ತಿದ್ದಷ್ಟೇ ಗೊತ್ತಿರುತ್ತದೆ. ಮದುವೆ ಮನೆಯಲ್ಲಿ ವರ್ಷಕ್ಕೊಮ್ಮೆ ಸಿಗುವ ನೆಂಟರು ಬೇರೆ ಊರಿನ, ಬೇರೆ ಕಸುಬಿನ ಸುದ್ದಿ ತಂದಿರುತ್ತಾರೆ. (ಪಂಕ್ತಿಯಲ್ಲಿ ಕೂತಾಗಲೇ ಕೆಲಸದ ಮಾತು ತೆಗೆಯಬೇಡಿ. ನಂಬರು ಪಡೆದು ಎರಡು ದಿನ ಬಿಟ್ಟು ಮಾತಾಡಿ.)

ಒಂದು ನೋಟ್‌ಬುಕ್ಕಿನಲ್ಲಿ ನಲವತ್ತು ಹೆಸರು ಬರೆಯಿರಿ. ನಿಮಗಿಂತ ಎರಡರಿಂದ ನಾಲ್ಕು ವರ್ಷ ಮೊದಲು ಅದೇ ಕಾಲೇಜಿನಲ್ಲಿ ಮುಗಿಸಿದವರು ಮೊದಲು ಬರಲಿ, ಏಕೆಂದರೆ ನೀವು ಹುಡುಕುತ್ತಿರುವ ಮೆಟ್ಟಿಲಿನಲ್ಲಿ ಅವರು ಈಗ ನಿಂತಿದ್ದಾರೆ. ಇಪ್ಪತ್ತು ವರ್ಷ ಮೊದಲು ಮುಗಿಸಿ ಮ್ಯಾನೇಜರ್ ಆದವರಿಗೆ ಹೊಸಬರನ್ನು ಈಗ ಹೇಗೆ ತೆಗೆದುಕೊಳ್ಳುತ್ತಾರೆಂಬುದು ಮರೆತೇ ಹೋಗಿರುತ್ತದೆ. ಆಮೇಲೆ ಕಾಲೇಜಿನ ಮೇಷ್ಟ್ರು, ಟ್ಯಾಲಿ ಕ್ಲಾಸಿನವರು, ನಿಮ್ಮ ಮನೆಯ ಅಡಿಕೆ ಹೋಗುವ ಮಂಡಿಯ ಗುಮಾಸ್ತರು, ಮ್ಯಾಮ್ಕೋಸ್, ಕ್ಯಾಂಪ್ಕೊದಂಥ ಅಡಿಕೆ ಸಹಕಾರ ಸಂಸ್ಥೆಗಳ ಶಾಖೆಯಲ್ಲಿ ಮುಖಪರಿಚಯ ಇರುವವರು, ಊರಿನ ಸೊಸೈಟಿಯ ಕಾರ್ಯದರ್ಶಿ. ಕೊನೆಗೆ ಅಂಗಡಿಯಿಂದ ಅಂಗಡಿಗೆ ತಿರುಗುವ ಜನ: ಗೊಬ್ಬರ ಕಂಪನಿಯ ಪ್ರತಿನಿಧಿ, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವರು. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕುವವರಿಗೆ ತಾಲ್ಲೂಕಿನ ಎಷ್ಟೋ ಅಂಗಡಿಗಳ ಲೆಕ್ಕದ ಮೇಜು ಯಾರ ಕೈಯಲ್ಲಿದೆ ಎಂದು ಗೊತ್ತು. ತೋಟದ ಮನೆಯವರಿಗೆ ಪರಿಚಯವಿಲ್ಲ ಎಂಬ ಮಾತು ಈ ಪಟ್ಟಿ ಬರೆಯುವಾಗಲೇ ಸುಳ್ಳಾಗುತ್ತದೆ.

ಕಳಿಸುವ ಸಂದೇಶ ಹೀಗಿರಲಿ:

'ನಮಸ್ಕಾರ ಸರ್. ಸಾಗರದವನು, ಬಿ.ಕಾಂ. ಆಗಿದೆ. ಟ್ಯಾಲಿ ಕ್ಲಾಸಿನ ನಮ್ಮ ಮೇಷ್ಟ್ರು ನಿಮ್ಮ ನಂಬರು ಕೊಟ್ಟರು. ಟ್ಯಾಲಿಯಲ್ಲಿ ಎಂಟ್ರಿ, ಬ್ಯಾಂಕ್ ತಾಳೆ ನೋಡುವುದು ಬರುತ್ತದೆ. ಜಿಎಸ್‌ಟಿ ರಿಟರ್ನ್ ಕಲಿಯುತ್ತಿದ್ದೇನೆ. ಆಡಿಟರ್ ಆಫೀಸಿಗೆ ಹೊಸದಾಗಿ ಸೇರುವವರಿಗೆ ಏನೇನು ಬಂದಿರಬೇಕು ಎಂದು ನಿಮ್ಮಿಂದ ತಿಳಿಯಬೇಕಿತ್ತು. ಈ ವಾರ ಹತ್ತು ನಿಮಿಷ ಸಿಗಬಹುದೇ?'

ಇದರಲ್ಲಿ ಕೆಲಸ ಕೊಡಿ ಎಂಬ ಮಾತಿಲ್ಲ, ಬಯೋಡಾಟಾ ಕೂಡ ಲಗತ್ತಿಸಿಲ್ಲ. ಕೆಲಸ ಕೇಳಿದರೆ 'ಸದ್ಯಕ್ಕೆ ಇಲ್ಲಪ್ಪ' ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಮಾಹಿತಿ ಕೇಳಿದರೆ ಹಾಗೆ ಮುಗಿಸಲು ಬರುವುದಿಲ್ಲ, ಮೇಲಾಗಿ ತಮ್ಮ ಕೆಲಸದ ಬಗ್ಗೆ ಹೇಳಲು ಬಹುತೇಕ ಎಲ್ಲರಿಗೂ ಇಷ್ಟ. 'ಏನಾದ್ರೂ ಇದ್ರೆ ಹೇಳಿ' ಎಂಬುದು ಇನ್ನೂ ಕೆಟ್ಟದ್ದು. 'ಏನಾದರೂ' ಎಂಬುದು ಯಾರ ತಲೆಯಲ್ಲೂ ಉಳಿಯುವುದಿಲ್ಲ. 'ಇ-ವೇ ಬಿಲ್ ಮಾಡಲು ಬರುವ ಹುಡುಗ' ಉಳಿಯುತ್ತಾನೆ. ಸಾಗಿಸುವ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್ (ಸಾಗಣೆಯ ಆನ್‌ಲೈನ್ ಚೀಟಿ) ಬೇಕೇಬೇಕು. ಅಡಿಕೆ ಲೋಡಿನ ಬೆಲೆ ಅದನ್ನು ಯಾವತ್ತೂ ದಾಟುತ್ತದೆ. ಮಂಡಿಯ ಕಡೆ ಹೋಗುವುದಾದರೆ ಅದನ್ನು ಕಲಿತೇ ಹೋಗಿ.

ಭೇಟಿಗೆ ಹೋದಾಗ ನಾಲ್ಕು ಪ್ರಶ್ನೆ ಸಾಕು. ದಿನದ ಹೆಚ್ಚು ಹೊತ್ತು ಯಾವ ಕೆಲಸಕ್ಕೆ ಹೋಗುತ್ತದೆ? ಹೊಸಬರು ಎಲ್ಲಿ ಎಡವುತ್ತಾರೆ? ಈಚೆಗೆ ಸೇರಿದವರು ಹೇಗೆ ಸೇರಿದರು? ಇನ್ನು ಯಾರನ್ನು ಕೇಳಿದರೆ ಒಳ್ಳೆಯದು? ಕೊನೆಯದನ್ನು ಮರೆತರೆ ಉಳಿದ ಮೂರು ಕೇಳಿಯೂ ದಂಡ. ಪ್ರತಿ ಭೇಟಿಯಿಂದ ಎರಡು ಹೊಸ ಹೆಸರು ಬಂದರೆ ಪಟ್ಟಿ ತಾನಾಗಿಯೇ ಬೆಳೆಯುತ್ತದೆ.

ಹೊತ್ತು ನೋಡಿ ಹೋಗಿ. ತಿಂಗಳಿಗೊಮ್ಮೆ ಸಲ್ಲಿಸುವವರ ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರ) 11ನೇ ತಾರೀಕು ಗಡುವು, 3ಬಿಗೆ (ತೆರಿಗೆ ಕಟ್ಟುವ ರಿಟರ್ನ್) 20. ಆ ದಿನಗಳಲ್ಲಿ ಆಡಿಟರ್ ಆಫೀಸಿಗೆ ಫೋನ್ ಮಾಡಿದವರಿಗೆ ಸಿಗುವುದು ಸಿಡುಕು. 22 ದಾಟಲಿ. ವರ್ಷದ ಲೆಕ್ಕದಲ್ಲಾದರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅವರಿಗೆ ತಲೆ ಎತ್ತಲು ಆಗುವುದಿಲ್ಲ. ಆ ಗಡಿಬಿಡಿಗೆ ಕೈಯಾಳು ಬೇಕೆಂದು ಅವರು ಯೋಚಿಸುವುದು ಏಪ್ರಿಲ್, ಮೇ ತಿಂಗಳಲ್ಲಿ.

ವಾರಕ್ಕೆ ಐದು ಸಂದೇಶ ಸಾಕು. ಉತ್ತರ ಬರದಿದ್ದರೆ ಏಳು ದಿನಕ್ಕೆ ಒಮ್ಮೆ ನೆನಪಿಸಿ, ಮತ್ತೆ ಹದಿನೈದು ದಿನಕ್ಕೆ ಒಮ್ಮೆ, ಆಮೇಲೆ ಬಿಟ್ಟುಬಿಡಿ. ಯಾರ ಹೆಸರು ಹೇಳಿಕೊಂಡು ಹೋದಿರೋ ಅವರಿಗೆ 'ಕಂಡೆ ಸರ್, ಹೀಗೆ ಹೇಳಿದರು' ಎಂದು ಎರಡು ದಿನದೊಳಗೆ ತಿಳಿಸಿ. ನಮ್ಮ ಕಡೆ ಹೆಚ್ಚಿನವರು ತಪ್ಪುವುದು ಇಲ್ಲೇ. ಕೆಲಸ ಸಿಕ್ಕ ಮೇಲೆ ಒಟ್ಟಿಗೆ ಸಿಹಿ ಕೊಟ್ಟರಾಯಿತು ಎಂದುಕೊಂಡು ನಡುವೆ ಸುಮ್ಮನಿರುತ್ತಾರೆ. ಪರಿಚಯ ಮಾಡಿಸಿದವರಿಗೆ ಅದು ಉಪೇಕ್ಷೆಯಂತೆ ಕಾಣುತ್ತದೆ, ಮುಂದಿನ ಹೆಸರು ಬರುವುದಿಲ್ಲ.

ಪೋರ್ಟಲ್ ಬಿಡಬೇಕಿಲ್ಲ, ದಿನಕ್ಕೆ ಅರ್ಧ ಗಂಟೆ ಕೊಡಿ. ಬೆಂಗಳೂರಿನ ಕೆಲಸಕ್ಕೆ ಹಾಕುವಾಗ 'ಇಷ್ಟದ ಸ್ಥಳ' ಎಂಬಲ್ಲಿ ಬೆಂಗಳೂರು ಸೇರಿಸಿದ್ದೀರಾ ನೋಡಿ. ಊರಿನ ಮೇಲೆ ಸೋಸುವ ಎಚ್‌ಆರ್‌ನವರಿಗೆ ಬರೀ ಸಾಗರ ಎಂದಿದ್ದರೆ ನೀವು ಕಾಣುವುದೇ ಇಲ್ಲ.

ಪ್ರಶ್ನೆ: ಸೋದರಮಾವ ಬೆಂಗಳೂರಿನ ದೊಡ್ಡ ಕಂಪನಿಯಲ್ಲಿದ್ದಾರೆ. ಎಂಟು ತಿಂಗಳ ಹಿಂದೆ ರೆಸ್ಯೂಮೆ ಕೊಟ್ಟೆ. ಕೇಳಿದಾಗಲೆಲ್ಲ 'ನೋಡೋಣ, ಹೇಳ್ತೀನಿ' ಅಂತಾರೆ. ಅಮ್ಮ ಪದೇ ಪದೇ ಫೋನ್ ಮಾಡು ಅಂತಾರೆ. ನನಗೆ ಮುಜುಗರ.
ಓದುಗ, ಹೊಸನಗರ

ಉತ್ತರ: ನಿಮ್ಮ ಮಾವ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ನಮಗೆ ಅನ್ನಿಸುವುದಿಲ್ಲ. ಬರೀ ರೆಸ್ಯೂಮೆ ಹಿಡಿದು ಅವರು ಏನು ಮಾಡಬೇಕು? ದೊಡ್ಡ ಕಂಪನಿಗಳಲ್ಲಿ ನೌಕರರು ಶಿಫಾರಸು ಮಾಡುವುದು ಒಳಗಿನ ಪೋರ್ಟಲ್ ಮೂಲಕ. ಅಲ್ಲಿ ಯಾವ ಹುದ್ದೆ, ಅದರ ಜಾಬ್ ಐಡಿ ಎಷ್ಟು ಎಂದು ತುಂಬಬೇಕು. ಅದನ್ನು ಹುಡುಕುವ ಕೆಲಸ ನಿಮ್ಮದು. ಕಂಪನಿಯ ವೆಬ್‌ಸೈಟಿನ ಕೆರಿಯರ್ ಪುಟದಲ್ಲಿ ನಿಮಗೆ ಒಪ್ಪುವ ಒಂದು ಹುದ್ದೆ ಆರಿಸಿ, ಐಡಿ ಬರೆದುಕೊಳ್ಳಿ. ಅಲ್ಲೇ ಅರ್ಜಿ ಒತ್ತಬೇಡಿ. ನೀವೇ ನೇರವಾಗಿ ಅರ್ಜಿ ಹಾಕಿಬಿಟ್ಟರೆ ಆಮೇಲಿನ ಶಿಫಾರಸನ್ನು ಎಷ್ಟೋ ಕಂಪನಿಗಳಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಹೀಗೆ ಬರೆಯಿರಿ: 'ಮಾವ, ನಿಮ್ಮ ಕಂಪನಿಯಲ್ಲಿ ಈ ಹುದ್ದೆ ಖಾಲಿ ಇದೆ, ಐಡಿ ಇದು. ಕೇಳಿರುವ ಆರು ಕೌಶಲಗಳಲ್ಲಿ ನಾಲ್ಕು ನನಗೆ ಬರುತ್ತದೆ. ರೆಸ್ಯೂಮೆ ಇದಕ್ಕೆ ತಕ್ಕಂತೆ ತಿದ್ದಿ ಕಳಿಸಿದ್ದೇನೆ. ರೆಫರ್ ಮಾಡಲು ಆಗುತ್ತದಾ? ಆಗದಿದ್ದರೂ ಬೇಜಾರಿಲ್ಲ, ಆ ವಿಭಾಗದವರು ಯಾರಾದರೂ ಹತ್ತು ನಿಮಿಷ ಮಾತಿಗೆ ಸಿಕ್ಕರೆ ಸಾಕು.' ಕೊನೆಯ ಸಾಲು ಅವರ ಹೆಗಲಿನ ಭಾರ ಇಳಿಸುತ್ತದೆ. ರೆಫರ್ ಮಾಡಿದವರು ಸೇರಿದರೆ ನೌಕರರಿಗೆ ಬೋನಸ್ ಕೊಡುವ ಕಂಪನಿಗಳೂ ಇವೆ, ಹಾಗಾಗಿ ಋಣದ ಭಯ ಅಷ್ಟು ಬೇಡ. ಅಮ್ಮನ ಫೋನು ಮಾತ್ರ ನಿಲ್ಲಿಸಿ. ಅಮ್ಮ ಕೇಳಿದರೆ ಅದು ಮನೆತನದ ಒತ್ತಾಯ, ನೀವು ಐಡಿ ಸಮೇತ ಕೇಳಿದರೆ ಐದು ನಿಮಿಷದ ಕೆಲಸ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಹತ್ತಾರು ಗೇಟುಗಳಲ್ಲಿ ಬಯೋಡಾಟಾ ಕೊಟ್ಟು ಬಂದೆ. ಸೆಕ್ಯುರಿಟಿಯವರು ತೆಗೆದುಕೊಳ್ಳುತ್ತಾರೆ, ಅಷ್ಟೇ. ಯಾವ ಫ್ಯಾಕ್ಟರಿಯಲ್ಲಿ ಕೆಲಸವಿದೆ, ಯಾವುದು ಒಳ್ಳೆಯದು ಎಂದು ಹೊರಗಿನಿಂದ ತಿಳಿಯುವುದು ಹೇಗೆ?
ಓದುಗ, ಭದ್ರಾವತಿ

ಉತ್ತರ: ಹೊರಗಿನಿಂದಲೇ ಬಹಳಷ್ಟು ತಿಳಿಯುತ್ತದೆ, ಅದೂ ಖರ್ಚಿಲ್ಲದೆ.

ಮೊದಲು ಕಂಪನಿಯ ವೆಬ್‌ಸೈಟು. ಫೌಂಡ್ರಿ (ಎರಕದ ಕಾರ್ಖಾನೆ), ಮಷೀನ್ ಶಾಪ್‌ಗಳು ಗಿರಾಕಿಗಳಿಗಾಗಿ ತಮ್ಮ ಯಂತ್ರಗಳ ಪಟ್ಟಿ ಹಾಕಿರುತ್ತವೆ: ಫರ್ನೇಸು ಎಷ್ಟು ಕಿಲೋದ್ದು, ಮೋಲ್ಡಿಂಗ್ ಲೈನು ಯಾವುದು, ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ಯಂತ್ರ) ಎಷ್ಟು, ಸಿಎಂಎಂ (ಅಳತೆ ನೋಡುವ ಯಂತ್ರ) ಇದೆಯೇ, ಲೋಹದ ಮಿಶ್ರಣ ನೋಡುವ ಸ್ಪೆಕ್ಟ್ರೋಮೀಟರ್ ಇದೆಯೇ. ಅದನ್ನು ಹಾಳೆಗೆ ಇಳಿಸಿಕೊಂಡರೆ ಅಲ್ಲಿ ಯಾವ ಕೆಲಸಗಾರರು ಬೇಕಾಗುತ್ತಾರೆಂದು ನಿಮಗೇ ಹೊಳೆಯುತ್ತದೆ. ಗ್ರೇ ಐರನ್ ಮಾಡುವವರೇ, ಎಸ್‌ಜಿ ಐರನ್ನೇ (ಎರಡೂ ಎರಕದ ಕಬ್ಬಿಣದ ಬಗೆ), ಸ್ಟೀಲೇ, ಮಾಲು ಟ್ರ್ಯಾಕ್ಟರಿಗೆ ಹೋಗುತ್ತದೆಯೋ ಪಂಪಿಗೋ ವಾಲ್ವಿಗೋ, ಇದನ್ನೂ ಬರೆದುಕೊಳ್ಳಿ. ಟ್ರ್ಯಾಕ್ಟರ್ ಮಾರಾಟ ಇಳಿದ ವರ್ಷ ಅದನ್ನೇ ನೆಚ್ಚಿದ ಫೌಂಡ್ರಿ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ.

ಎರಡನೆಯದು ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟು. ಉಚಿತ ಖಾತೆ ತೆರೆದರೆ ಪ್ರೈವೇಟ್ ಲಿಮಿಟೆಡ್ ಕಂಪನಿಯ ಮಾಸ್ಟರ್ ಡೇಟಾ ಸಿಗುತ್ತದೆ: ಯಾವಾಗ ಶುರುವಾಯಿತು, ಈಗ ಚಾಲ್ತಿಯಲ್ಲಿದೆಯೇ, ನಿರ್ದೇಶಕರು ಯಾರು. ಅಲ್ಲೇ 'ಚಾರ್ಜಸ್' ಎಂಬ ಪಟ್ಟಿಯಿದೆ, ಅಂದರೆ ಆಸ್ತಿ ಅಡವಿಟ್ಟು ತಂದ ಸಾಲಗಳು. ಈಚಿನ ತಾರೀಕಿನ ದೊಡ್ಡ ಸಾಲ ಕಂಡರೆ ಹೊಸ ಯಂತ್ರವೋ ಹೊಸ ಶೆಡ್ಡೋ ಬರುತ್ತಿರಬಹುದು. ಇದು ಸುಳಿವು ಮಾತ್ರ, ನಷ್ಟ ತುಂಬಲು ತಂದ ಸಾಲವೂ ಆಗಿರಬಹುದು. ಪಾಲುದಾರಿಕೆ ಅಥವಾ ಒಬ್ಬರದೇ ಮಾಲೀಕತ್ವದ ಘಟಕಗಳು ಅಲ್ಲಿರುವುದಿಲ್ಲ. ಅವರ ಬೋರ್ಡಿನಲ್ಲಿರುವ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ, ನೋಂದಣಿ ಜೀವಂತವಾಗಿದೆಯೇ ನೋಡಬಹುದು.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು, ಭವಿಷ್ಯ ನಿಧಿ (ಪಿಎಫ್) ಸಂಸ್ಥೆ ಇಪಿಎಫ್‌ಒ ವೆಬ್‌ಸೈಟಿನ 'ಎಸ್ಟಾಬ್ಲಿಷ್‌ಮೆಂಟ್ ಸರ್ಚ್'. ಕಂಪನಿಯ ಹೆಸರು ಹಾಕಿ ಪಾವತಿ ವಿವರ ತೆರೆದರೆ ಯಾವ ತಿಂಗಳು ಎಷ್ಟು ಜನರಿಗೆ ಪಿಎಫ್ ಕಟ್ಟಿದ್ದಾರೆ, ಯಾವ ದಿನ ಕಟ್ಟಿದ್ದಾರೆ ಎಂದು ಸಾಲಾಗಿ ಬರುತ್ತದೆ. ಆರು ತಿಂಗಳಲ್ಲಿ ತಲೆಗಳ ಸಂಖ್ಯೆ ಏರುತ್ತಿದ್ದರೆ ಅಲ್ಲಿ ಜನ ಬೇಕಾಗಿದ್ದಾರೆ. ಪ್ರತಿ ತಿಂಗಳೂ ತಡವಾಗಿ ಕಟ್ಟುವವರಲ್ಲಿ ಸಂಬಳವೂ ತಡವಾಗಬಹುದು. ಒಂದು ಮೋಸ ಇದೆ: ಕಂಟ್ರ್ಯಾಕ್ಟರ್ ಕಡೆಯವರ ಪಿಎಫ್ ಸಾಮಾನ್ಯವಾಗಿ ಕಂಟ್ರ್ಯಾಕ್ಟರ್ ಹೆಸರಿನಲ್ಲೇ ಇರುತ್ತದೆ. ಗೇಟಿನಲ್ಲಿ ಇನ್ನೂರು ಜನ ಒಳಗೆ ಹೋಗುವುದು ಕಂಡು, ಪಟ್ಟಿಯಲ್ಲಿ ಅರವತ್ತೇ ಇದ್ದರೆ ಉಳಿದವರು ಯಾರ ರೋಲಿನಲ್ಲಿ (ನೌಕರರ ಪಟ್ಟಿಯಲ್ಲಿ) ಇದ್ದಾರೆಂದು ಊಹಿಸಿ.

ಈ ಹಾಳೆಗಳಿದ್ದರೆ ಹತ್ತಾರು ಗೇಟು ತಿರುಗುವುದು ತಪ್ಪುತ್ತದೆ, ಆರು ಫ್ಯಾಕ್ಟರಿ ಉಳಿಯುತ್ತವೆ. ಈಗ ನಿಮಗೆ ಒಳಗಿನ ಸುದ್ದಿ ಹೇಳುವ ಜನ ಬೇಕು, ಆದರೆ ಗೇಟಿನಲ್ಲಿ ಅಲ್ಲ. ಶಿಫ್ಟ್ ಬಿಡುವ ಹೊತ್ತಿಗೆ ಎದುರಿನ ಚಹಾದಂಗಡಿಯಲ್ಲಿರಿ. ಒಳಗೆ ಹೋಗುವವರಿಗೆ ಪಂಚ್ ಮಾಡುವ ಅವಸರ, ಹೊರಗೆ ಬಂದವರ ಹತ್ತಿರ ಹತ್ತು ನಿಮಿಷ ಇರುತ್ತದೆ. ಸೂಪರ್‌ವೈಸರ್ ಯಾರು, ಯಾವ ವಿಭಾಗದಲ್ಲಿ ಜನ ನಿಲ್ಲುತ್ತಿಲ್ಲ, ಏಕೆ, ಇಷ್ಟು ಕೇಳಿ. ಫೆಟ್ಲಿಂಗ್‌ನಲ್ಲಿ (ಎರಕದ ಅಂಚು ಉಜ್ಜಿ ತೆಗೆಯುವ ವಿಭಾಗ) ಯಾವತ್ತೂ ಜಾಗ ಇರುತ್ತದೆ. ದೂಳು, ಶಬ್ದ, ಕೈನೋವಿಗೆ ಜನ ಬಿಟ್ಟುಹೋಗುತ್ತಾರೆ, ಅದನ್ನು ತಿಳಿದೇ ಸೇರಬೇಕು. ಇನ್ನೊಂದು ಬಾಗಿಲು: ಕಟಿಂಗ್ ಟೂಲ್ ಮಾರುವವರು, ಗೇಜ್ ಕ್ಯಾಲಿಬ್ರೇಶನ್‌ಗೆ ಬರುವವರು, ಪ್ಯಾಟರ್ನ್ ಮಾಡುವವರು. ಇವರು ಒಂದೊಂದು ತಿಂಗಳಿಗೆ ಎಷ್ಟೋ ಫ್ಯಾಕ್ಟರಿಗಳ ಒಳಗೆ ಹೋಗಿ ಬರುತ್ತಾರೆ.

ಅದೂ ನೀವಿರುವುದು ಭದ್ರಾವತಿಯಲ್ಲಿ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಫಿಟ್ಟರು, ಮೋಲ್ಡರು, ಲ್ಯಾಬ್ ಕೆಮಿಸ್ಟರು ನಿಮ್ಮ ಬೀದಿಯಲ್ಲೇ ಇರಬಹುದು. ಅವರ ಕೈಕೆಳಗೆ ಕಲಿತವರು ಇವತ್ತು ಖಾಸಗಿ ಫೌಂಡ್ರಿಗಳಲ್ಲಿದ್ದಾರೆ. ಸಂಜೆ ಪಾರ್ಕಿನಲ್ಲಿ ಕೂತ ಒಬ್ಬ ಹಿರಿಯರ ಹತ್ತಿರ 'ಬ್ಲೋ ಹೋಲ್ ಏಕೆ ಬರುತ್ತದೆ ಸರ್' ಎಂದು, ಅಂದರೆ ಎರಕದಲ್ಲಿ ಗಾಳಿಗುಳ್ಳೆಯ ತೂತು ಏಕೆ ಬೀಳುತ್ತದೆ ಎಂದು ಕೇಳಿ ನೋಡಿ. ಮರಳಿನ ತೇವ, ಗಾಳಿ ಹೋಗಲು ಜಾಗವಿಲ್ಲದ ಕೋರು (ಟೊಳ್ಳು ಬರಲು ಒಳಗೆ ಇಡುವ ಅಚ್ಚು) ಎಂದು ಪಾಠವೇ ಆಗುತ್ತದೆ. ಸಂದರ್ಶನದಲ್ಲಿ ಬರುವ ಪ್ರಶ್ನೆಯೂ ಅದೇ.

ಬಯೋಡಾಟಾ ಒಂದೇ ಪುಟ. 'ಹಾರ್ಡ್ ವರ್ಕಿಂಗ್' ತೆಗೆದುಹಾಕಿ. ಡ್ರಾಯಿಂಗ್ ಓದಲು ಬರುತ್ತದೆಯೇ, ಫ್ಯಾನುಕ್ ಕಂಟ್ರೋಲಿನಲ್ಲಿ (ಯಂತ್ರ ನಡೆಸುವ ಕಂಪ್ಯೂಟರ್) ಕೈಯಾಡಿಸಿದ್ದೀರಾ, ವರ್ನಿಯರ್ 0.02 ಮಿ.ಮೀ., ಮೈಕ್ರೋಮೀಟರ್ 0.01 ಮಿ.ಮೀ. ಹಿಡಿದು ಅಳೆದಿದ್ದೀರಾ, ಇಂಥದ್ದು ಬರಲಿ. ಬರದೇ ಇರುವುದನ್ನು ಬರೆಯಬೇಡಿ, ಕೈಗೆ ಮೈಕ್ರೋಮೀಟರ್ ಕೊಟ್ಟು ಅಳೆಯಿರಿ ಎನ್ನುತ್ತಾರೆ.

ಕೆಲಸ ಸಿಗದಿದ್ದರೆ ಅಪ್ರೆಂಟಿಸ್ ಆಗಿ ಸೇರುವ ದಾರಿ ಇದೆ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿದೆ. ಡಿಪ್ಲೊಮಾದವರು ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲಾದ ನ್ಯಾಟ್ಸ್‌ನಲ್ಲಿ ನೋಂದಾಯಿಸಬೇಕು, ಓದು ಮುಗಿಸಿ ಬಹಳ ವರ್ಷ ಕಳೆಯುವ ಮೊದಲು. ಸೇರುವ ದಿನ ಮೂರು ಕೇಳಿ: ನಾನು ಯಾರ ರೋಲಿನಲ್ಲಿ, ಕಂಪನಿಯದೋ ಕಂಟ್ರ್ಯಾಕ್ಟರದೋ ಅಪ್ರೆಂಟಿಸೋ? ಯುಎಎನ್ (ಪಿಎಫ್ ಖಾತೆಯ ಸಂಖ್ಯೆ) ಯಾವಾಗ ಬರುತ್ತದೆ? ರಾತ್ರಿ ಶಿಫ್ಟಿಗೆ ಬಸ್ಸಿದೆಯೇ? ಅಪ್ರೆಂಟಿಸ್ ಆದರೆ ಪಿಎಫ್ ಇರುವುದಿಲ್ಲ, ಅದನ್ನು ಮೋಸ ಎಂದು ತಿಳಿಯಬೇಡಿ.

ಪ್ರಶ್ನೆ: ವಾಟ್ಸಾಪಿನಲ್ಲಿ ಏರ್‌ಪೋರ್ಟ್ ಕೆಲಸದ ಆಫರ್ ಲೆಟರ್ ಬಂದಿದೆ. ಯೂನಿಫಾರ್ಮ್ ಮತ್ತು ವೆರಿಫಿಕೇಶನ್‌ಗೆ 4,500 ಕಟ್ಟಿ, ಮೊದಲ ಸಂಬಳದಲ್ಲಿ ವಾಪಸು ಅಂತಾರೆ. ಕಟ್ಟಬಹುದಾ?
ಓದುಗ, ಶಿಕಾರಿಪುರ

ಉತ್ತರ: ಕಟ್ಟಬೇಡಿ. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಇಲ್ಲಿಯವರಿಗೆ ಆ ಹೆಸರು ಹೇಳಿ ನಂಬಿಸುವುದು ಸುಲಭವಾಗಿದೆ. ಸಂದರ್ಶನವಿಲ್ಲದೆ ಆಫರ್, ಜಿಮೇಲ್ ವಿಳಾಸ, ವೈಯಕ್ತಿಕ ಯುಪಿಐಗೆ ಹಣ, 'ಇವತ್ತೇ ಕಟ್ಟಿ' ಎಂಬ ಅವಸರ: ಮೋಸ ಎಂದು ಅನುಮಾನಿಸಲು ಇವುಗಳಲ್ಲಿ ಒಂದಿದ್ದರೂ ಸಾಕು. ಆಧಾರ್, ಪಾನ್ ಪ್ರತಿ ಕಳಿಸಿದ್ದರೆ ಬ್ಯಾಂಕ್ ಖಾತೆಯ ಮೇಲೆ ಕಣ್ಣಿಡಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವುದಕ್ಕೆ ಮೊದಲ ಕೆಲವು ಗಂಟೆಗಳೇ ಮುಖ್ಯ.

ಪ್ರಶ್ನೆ: ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮಾಡಿ ಮೂರು ವರ್ಷ ಲ್ಯಾಬ್‌ನಲ್ಲಿದ್ದೆ. ಮದುವೆ, ಮಕ್ಕಳು ಎಂದು ಆರು ವರ್ಷ ಬಿಟ್ಟೆ. ತೀರ್ಥಹಳ್ಳಿಯ ಸುತ್ತಮುತ್ತ ಮತ್ತೆ ಸೇರಬೇಕು. ಆರು ವರ್ಷದ ಅಂತರವನ್ನು ಹೇಗೆ ಹೇಳಲಿ?
ಓದುಗಿ, ತೀರ್ಥಹಳ್ಳಿ

ಉತ್ತರ: ಅಂತರವನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ: 'ಮಕ್ಕಳ ಆರೈಕೆಗೆ ಆರು ವರ್ಷ ಬಿಟ್ಟಿದ್ದೆ, ಈಗ ಪೂರ್ಣಾವಧಿಗೆ ಬರಬಲ್ಲೆ.' ಲ್ಯಾಬ್‌ನವರ ನಿಜವಾದ ಅನುಮಾನ ಯಂತ್ರದ ಬಗ್ಗೆ. ನೀವು ಬಿಟ್ಟಾಗ ಕೈಯಲ್ಲಿದ್ದದ್ದು ರಕ್ತಕಣ ಎಣಿಸುವ ಥ್ರೀ-ಪಾರ್ಟ್ ಸೆಲ್ ಕೌಂಟರ್, ಸೆಮಿ-ಆಟೋ ಅನಲೈಸರ್ ಇರಬಹುದು. ಈಗ ಅನೇಕ ಕಡೆ ಫೈವ್-ಪಾರ್ಟ್, ಪೂರ್ತಿ ಆಟೋಮ್ಯಾಟಿಕ್, ಬಾರ್‌ಕೋಡು, ಕಂಪ್ಯೂಟರಿನಲ್ಲೇ ರಿಪೋರ್ಟು. ಹಳೆಯ ಸಹೋದ್ಯೋಗಿಯೊಬ್ಬರನ್ನು ಕೇಳಿ ಹದಿನೈದು ದಿನ ಯಂತ್ರದ ಪಕ್ಕ ನಿಂತು ನೋಡಿ, ದಿನದ ಕಂಟ್ರೋಲ್ (ಯಂತ್ರ ಸರಿಯಿದೆಯೇ ಎಂದು ನೋಡುವ ಮಾದರಿ) ಓಡಿಸುವುದನ್ನು ಕೈಯಾರೆ ಮಾಡಿ. ರಕ್ತ ತೆಗೆಯುವ ಕೈಚಳಕ ಬೇಗ ಮರಳುತ್ತದೆ.

ಸುದ್ದಿ ತರುವವರು ಇಲ್ಲಿ ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಸರಬರಾಜು ಮಾಡುವವರು, ಯಂತ್ರದ ಸರ್ವಿಸ್ ಎಂಜಿನಿಯರು. ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸುತ್ತುವ ಇವರಿಗೆ ಯಾವ ಲ್ಯಾಬಿಗೆ ಹೊಸ ಯಂತ್ರ ಬಂತು, ಎಲ್ಲಿ ಟೆಕ್ನಿಷಿಯನ್ ಬಿಟ್ಟರು ಎಲ್ಲ ಗೊತ್ತು. ಲ್ಯಾಬಿಗೆ ಹೋಗುವುದು ಮಧ್ಯಾಹ್ನ ಮೂರರ ಮೇಲಿರಲಿ. ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತ ಕೊಡುವವರ ಸಾಲಿರುತ್ತದೆ. ಸರ್ಕಾರಿ ಗುತ್ತಿಗೆ ಹುದ್ದೆಗಳಿಗೆ ಜಿಲ್ಲಾಡಳಿತದ ವೆಬ್‌ಸೈಟಿನ ನೇಮಕಾತಿ ಪುಟವನ್ನು ವಾರಕ್ಕೊಮ್ಮೆ ನೋಡಿ. ಅರ್ಜಿಗೆ ಕೊಡುವ ಅವಧಿ ಕಡಿಮೆ ಇರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರಿನ ಕಡೆ ಮೊದಲು ಗುರುತಾದ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ನಿಮ್ಮ ತಾಲ್ಲೂಕಿನಲ್ಲೂ ಮಾದರಿ ಸಂಗ್ರಹದ ಕೆಲಸ ಏರುತ್ತದೆ. ನವೆಂಬರಿನಲ್ಲೇ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ. ಬೆಂಗಳೂರಿನ ಔಷಧ ಕಂಪನಿಗಳಲ್ಲಿ ಕೆಲಸ ಬೇಕು. ಅಲ್ಲಿ ಯಾರೂ ಗೊತ್ತಿಲ್ಲ. ಲಿಂಕ್ಡ್‌ಇನ್‌ನಲ್ಲಿ ಇಂಗ್ಲಿಷ್ ಬರೆಯಲು ಅಂಜಿಕೆ.
ಓದುಗಿ, ಶಂಕರಘಟ್ಟ

ಉತ್ತರ: ಲಿಂಕ್ಡ್‌ಇನ್‌ನಲ್ಲಿ ನಿಮ್ಮ ವಿಶ್ವವಿದ್ಯಾಲಯದ ಪುಟ ತೆರೆದು 'ಅಲಮ್ನೈ' (ಹಳೆಯ ವಿದ್ಯಾರ್ಥಿಗಳು) ಒತ್ತಿ. ಊರು ಬೆಂಗಳೂರು ಎಂದು ಸೋಸಿ, ಹುಡುಕುವ ಜಾಗದಲ್ಲಿ ಮೈಕ್ರೋಬಯಾಲಜಿ ಎಂದು ಹಾಕಿ. ಶಂಕರಘಟ್ಟದಲ್ಲಿ ಓದಿ ಬೊಮ್ಮಸಂದ್ರ, ಜಿಗಣಿ ಕಡೆ ಇರುವವರು ಸಾಲಾಗಿ ಬರುತ್ತಾರೆ. 'ಅಲ್ಲಿ ಯಾರೂ ಗೊತ್ತಿಲ್ಲ' ಎಂಬುದು ಅಲ್ಲಿಗೆ ಮುಗಿಯಿತು. ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೆಲಸ ಬದಲಿಸಲು ಹೆಚ್ಚು ನೆರವಾದವರು ತೀರಾ ಆಪ್ತರೂ ಅಲ್ಲ, ಪೂರ್ತಿ ಅಪರಿಚಿತರೂ ಅಲ್ಲ, ಇಬ್ಬರಿಗೂ ಗೊತ್ತಿರುವ ಕೆಲವರು ನಡುವೆ ಇದ್ದಂಥವರು. ಒಂದೇ ವಿಭಾಗದ ಹಿರಿಯರು ನಿಮಗೆ ಸರಿಯಾಗಿ ಅಂಥವರೇ. ಒಬ್ಬರೇ ಮೇಷ್ಟ್ರ ಹತ್ತಿರ ಪ್ರಾಜೆಕ್ಟ್ ಮಾಡಿದವರಿದ್ದರೆ ಅವರಿಂದಲೇ ಶುರು ಮಾಡಿ.

ಇಂಗ್ಲಿಷಿಗೆ ನಾಲ್ಕು ಸಣ್ಣ ವಾಕ್ಯ ಸಾಕು: ಯಾವ ವಿಭಾಗ, ಯಾವ ವರ್ಷ, ಏನು ಕೇಳಬೇಕು, ಎಷ್ಟು ಹೊತ್ತು. ಪ್ರೊಫೈಲಿನಲ್ಲಿ ಕನ್ನಡದವರೆಂದು ಗೊತ್ತಾದರೆ ಕನ್ನಡದಲ್ಲೇ ಬರೆಯಿರಿ. ಆ ಕ್ಯಾಂಪಸ್ಸಿನವರಿಗೆ ಅದು ಇಂಗ್ಲಿಷಿಗಿಂತ ಹತ್ತಿರ.

ಬರೆಯುವ ಮೊದಲು ಒಂದು ಸಂಜೆ ಹೀಗೆ ಕಳೆಯಿರಿ. ಕ್ಯೂಸಿ (ಗುಣಮಟ್ಟ ಪರೀಕ್ಷೆ) ಮೈಕ್ರೋಬಯಾಲಜಿಸ್ಟ್ ಹುದ್ದೆಯ ಇಪ್ಪತ್ತು ಜಾಹೀರಾತು ಒಟ್ಟು ಮಾಡಿ, ಮತ್ತೆ ಮತ್ತೆ ಬರುವ ಪದಗಳಿಗೆ ಗೀಟು ಹಾಕುತ್ತಾ ಹೋಗಿ: ಎನ್ವಿರಾನ್‌ಮೆಂಟಲ್ ಮಾನಿಟರಿಂಗ್, ಬಯೋಬರ್ಡನ್, ಎಂಡೋಟಾಕ್ಸಿನ್, ಸ್ಟೆರಿಲಿಟಿ ಟೆಸ್ಟ್, ಜಿಎಂಪಿ ದಾಖಲಾತಿ. ಹತ್ತಕ್ಕಿಂತ ಹೆಚ್ಚು ಗೀಟು ಬಿದ್ದದ್ದರಲ್ಲಿ ನಿಮಗೆ ಬರುವುದು ರೆಸ್ಯೂಮೆಯ ಮೇಲ್ಭಾಗಕ್ಕೆ ಹೋಗಲಿ. ಬರದೇ ಇರುವುದೇ ಹಿರಿಯರಿಗೆ ಕೇಳುವ ಪ್ರಶ್ನೆ: 'ಎಂಡೋಟಾಕ್ಸಿನ್ ಟೆಸ್ಟ್ ನಾವು ಲ್ಯಾಬ್‌ನಲ್ಲಿ ಮಾಡಿಲ್ಲ ಅಕ್ಕ, ಸೇರಿದ ಮೇಲೆ ಕಲಿಸುತ್ತಾರಾ, ಮೊದಲೇ ಬಂದಿರಬೇಕಾ?'